ಅಕ್ಕಸಾಲಿಗನೂ ಒಂದು ಕೊಂಡಿಯ ಲೆಕ್ಕವೂ

ಮಣಿಕಟ್ಟಿಗೆ ಸಡಿಲವಾದ ಕೈಚೈನಿನಿಂದ ಒಂದೆರಡು ಕೊಂಡಿಗಳನ್ನು ತೆಗೆದು ಗಿಡ್ಡ ಮಾಡಿಕೊಳ್ಳುವುದು ಈಗ ಅನೇಕರು ಮನೆಯಲ್ಲೇ ಮುಗಿಸುವ ಕೆಲಸ. ಎರಡು ಸಣ್ಣ ಇಕ್ಕಳಗಳಿದ್ದರೆ ಸಾಕು. ಬೆಸುಗೆಯಿಲ್ಲದ ಕೊಂಡಿಯ ತುದಿಗಳನ್ನು ಎಳೆದು ಅಗಲಿಸದೆ, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಚಿದರೆ ಅದರ ದುಂಡು ಕೆಡುವುದಿಲ್ಲ. ಬೆಸೆದ ಕೊಂಡಿಯಾದರೆ ಕತ್ತರಿಸದೆ ಗತಿಯಿಲ್ಲ. ಬೆಳ್ಳಿಗೋ ಉಕ್ಕಿಗೋ ಇಷ್ಟು ಧೈರ್ಯ ನಡೆದೀತು. ಚಿನ್ನವೆಂದೊಡನೆ ಕೈ ಹಿಂಜರಿಯುತ್ತದೆ, ಅಕ್ಕಸಾಲಿಗನ ನೆನಪಾಗುತ್ತದೆ. ನೆನಪಿನ ಬೆನ್ನಿಗೇ ಒಂದು ಶಂಕೆಯೂ ಬರುತ್ತದೆ: ತೆಗೆದ ಕೊಂಡಿಯ ತೂಕವೆಲ್ಲ ಮರಳಿ ಬಂದೀತೆ?

ಈ ಶಂಕೆ ನಿನ್ನೆ ಮೊನ್ನೆಯದಲ್ಲ. ‘ಅಕ್ಕಸಾಲೆ’ ಎಂಬ ಮಾತು ಸಂಸ್ಕೃತದ ‘ಅಕ್ಷಶಾಲಾ’ದಿಂದ ಬಂದುದೆನ್ನುವವರುಂಟು; ಧ್ವನಿಯೂ ಅರ್ಥವೂ ಹೊಂದುವುದರಿಂದ ನನಗೂ ಅದೇ ಸರಿಯೆಂದು ತೋರುತ್ತದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಲೋಕದ ಕಣ್ಣಿಗೆ ತಂದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಈ ಅಕ್ಷಶಾಲೆಯ ವರ್ಣನೆಯಿದೆ. ಒಳಗೆ ಒಂದಕ್ಕೊಂದು ಸಂಪರ್ಕವಿಲ್ಲದ ನಾಲ್ಕು ಕೋಣೆಗಳು. ಹೊರಗೆ ಒಂದೇ ಬಾಗಿಲು. ಕೆಲಸಗಾರರು ಒಳಹೊಗುವಾಗಲೂ ಹೊರಬರುವಾಗಲೂ ಬಟ್ಟೆ, ಕೈ, ಗುಪ್ತಾಂಗಗಳನ್ನು ಸಹ ಶೋಧಿಸಬೇಕು. ಚಿನ್ನ ಕದಿಯುವ ಐದು ಉಪಾಯಗಳನ್ನು ಆತ ಹೆಸರಿಟ್ಟು ಹೇಳುತ್ತಾನೆ. ಮೊದಲನೆಯದೇ ತಕ್ಕಡಿಯ ಮೋಸ. ಕಳ್ಳನಿಗಿಂತ ಹೆಚ್ಚಾಗಿ ಕಳ್ಳತನದ ಮರ್ಮ ಬಲ್ಲ ಲೇಖಕ!

ಆದರೆ ಅದೇ ಗ್ರಂಥದ ಇನ್ನೊಂದು ಮಾತನ್ನು ನಾವು ನೆನೆಯುವುದು ಕಡಿಮೆ. ಒಡವೆಗೆಂದು ಕೊಟ್ಟ ಚಿನ್ನವನ್ನು ಅಕ್ಕಸಾಲಿಗನು ಅದೇ ಬಣ್ಣ, ಅದೇ ತೂಕದಲ್ಲಿ ಹಿಂದಿರುಗಿಸಬೇಕು. ಬಹುಕಾಲದ ಮೇಲಾದರೂ ಕೊಟ್ಟವರು ಹಾಗೆಯೇ ಪಡೆಯಬೇಕು, ಸವೆದುದನ್ನೂ ಉದುರಿದುದನ್ನೂ ಬಿಟ್ಟು. ಅಂದರೆ ಚಿನ್ನ ತಾನಾಗಿಯೂ ಸವೆಯುತ್ತದೆಂಬುದನ್ನು ಆ ಕಠಿಣ ಶಾಸನಕಾರನೂ ಒಪ್ಪಿದ್ದ. ಅರದಿಂದ ಉಜ್ಜಿದಾಗ ಪುಡಿ ಉದುರುವುದು ಸುಳ್ಳಲ್ಲ.

ನಮ್ಮ ಮನೆಗಳು ಕಂಡುಕೊಂಡ ದಾರಿ ಬೇರೆ. ಚಿನ್ನವನ್ನು ಹೊರಗೆ ಕಳಿಸದೆ ಅಕ್ಕಸಾಲಿಗನನ್ನೇ ಜಗಲಿಗೆ ಕರೆಸುತ್ತಿದ್ದರು. ಅಗ್ಗಿಷ್ಟಿಕೆ, ಊದುಗೊಳವೆ, ಬಿಳಿಗಾರ, ತಕ್ಕಡಿ, ಗುಲಗಂಜಿ ಇವಿಷ್ಟನ್ನು ಹೊತ್ತು ಆತ ಬರುವನು. ಮನೆಯ ಹಿರಿಯಳು ಎದುರಿಗೇ ಕೂತು ಕಣ್ಣು ಕೀಳದೆ ನೋಡುವಳು. ಇದೂ ಕಾವಲೇ. ಆದರೆ ಈ ಕಾವಲಿನ ನಡುವೆ ‘ನಮ್ಮ ಆಚಾರಿ’ ಎಂಬ ಸಲುಗೆಯೂ ಬೆಳೆಯುತ್ತಿತ್ತು. ಇಡೀ ಕಸುಬನ್ನೇ ಕಳ್ಳತನವೆಂದು ಹೀಯಾಳಿಸುವ ಗಾದೆಗಳು ಈ ಸಲುಗೆಯನ್ನು ಮರೆತಿವೆ.

ಹೊಟ್ಟೆಗೆ ಹೊಡೆದದ್ದು ಗಾದೆಯಲ್ಲ, ಕಾನೂನು. 1962ರ ಚೀನಾ ಯುದ್ಧದ ಬಳಿಕ, ವಿದೇಶೀ ವಿನಿಮಯದ ಮುಗ್ಗಟ್ಟಿನಲ್ಲಿ, ಹಣಕಾಸು ಸಚಿವ ಮೊರಾರ್ಜಿ ದೇಸಾಯಿಯವರು 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ತಂದರು. ಹೊಸ ಒಡವೆ 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧವಾಗಿರಕೂಡದು. 22 ಕ್ಯಾರೆಟ್ಟಿಗೆ ಪಳಗಿದ ಕೈಗೆ ಆ ಗಡುಸು ಲೋಹ ಒಗ್ಗಲಿಲ್ಲ; ಕೊಳ್ಳುವವರಿಗೆ ಅದು ಚಿನ್ನವೆಂದೇ ತೋರಲಿಲ್ಲ. ದೇಶದುದ್ದಕ್ಕೂ ಅಕ್ಕಸಾಲಿಗರು ಕೆಲಸವಿಲ್ಲದೆ ಕುಳಿತರು. ಪ್ರಾಣ ಕಳೆದುಕೊಂಡವರೂ ಉಂಟು. ರಾಜನು ಕೈ ಶೋಧಿಸುತ್ತಿದ್ದ, ನಿಜ. ಆದರೆ ಕೆಲಸವನ್ನು ಕಸಿದಿರಲಿಲ್ಲ. 1966ರಲ್ಲಿ 14 ಕ್ಯಾರೆಟ್ಟಿನ ಮಿತಿ ಹೋಯಿತು. 1968ರಲ್ಲಿ ಕಾಯಿದೆಯಾಗಿ ನೆಲೆಗೊಂಡ ನಿಯಂತ್ರಣ ರದ್ದಾದದ್ದು 1990ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆತನಗಳ ಅಗ್ಗಿಷ್ಟಿಕೆ ಆರಿ, ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದರು.