ಅಳತೆಗೋಲು ಹೈದರಾಬಾದಿನದಾ, ಬೆಂಗಳೂರಿನದಾ, ದಿಲ್ಲಿಯದಾ?



ಶಾಲೆ ಮಕ್ಕಳು ಏನು ಕಲಿಬೇಕು, ಎಷ್ಟು ಕಲಿತರೆ ಪಾಸು ಅನ್ನೋದನ್ನ ದಿಲ್ಲಿ ತೀರ್ಮಾನಿಸಬೇಕಾ, ಬೆಂಗಳೂರಾ? ಎನ್‌ಇಪಿ ಬಂದಾಗಿನಿಂದ ಈ ಜಗಳ ನಡೆದೇ ಇದೆ. ಯಾದಗಿರಿ, ಶಹಾಪುರ, ಸುರಪುರದಿಂದ ನೋಡಿದ್ರೆ ಇದಕ್ಕೆ ಬೇರೆಯೇ ಒಂದು ಚರಿತ್ರೆ ಅದ.

1948ರವರೆಗೆ ನಾವು ನಿಜಾಮರ ಪ್ರಜೆಗಳು. ಮನೆಯಲ್ಲಿ ಕನ್ನಡ, ಆಡಳಿತ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ. (ದೇಶಭಾಷೆಯಲ್ಲಿ ವಿಜ್ಞಾನ ಕಲಿಸಿದ್ದು ದೊಡ್ಡ ಸಾಧನೆ, ಇಲ್ಲ ಅನ್ನಲ್ಲ. ಆದರೆ ಅದು ನಮ್ಮ ಕೇರಿಯ ಭಾಷೆ ಆಗಿರಲಿಲ್ಲ.) 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಸೇರಿದೆವು, ಅಳತೆಗೋಲು ಬೆಂಗಳೂರಿಗೆ ಹೋಯ್ತು. ಆಗ ಶಿಕ್ಷಣ ರಾಜ್ಯಪಟ್ಟಿಯಲ್ಲಿತ್ತು. ತುರ್ತುಪರಿಸ್ಥಿತಿಯಲ್ಲಿ, 1976ರ 42ನೇ ತಿದ್ದುಪಡಿ ಅದನ್ನ ಸಮವರ್ತಿ ಪಟ್ಟಿಗೆ ಹಾಕಿತು. ದಿಲ್ಲಿಗೂ ಒಂದು ಕೋಲು ಸಿಕ್ತು.

ಬಾಬಾಸಾಹೇಬರು 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಹಿಡಿದ ದಾರಿ ಬೇರೆ. ಪರಿಶಿಷ್ಟರ ಪ್ರೌಢಶಾಲೆ, ಕಾಲೇಜಿನ ಖರ್ಚು ಪ್ರಾಂತ್ಯ ಸರ್ಕಾರದ್ದು, ವಿದೇಶ ವಿದ್ಯಾಭ್ಯಾಸದ್ದು ಒಕ್ಕೂಟ ಸರ್ಕಾರದ್ದು ಅಂತ ನೇರವಾಗಿ ಹಂಚಿಬಿಟ್ಟರು. ಅಧಿಕಾರ ಯಾರದೇ ಇರಲಿ, ದುಡ್ಡು ಯಾರು ಹಾಕ್ತೀರಿ ಹೇಳ್ರಿ, ಅಷ್ಟೇ.

2009ರ ಡಿಸೆಂಬರ್ 30ಕ್ಕೆ ಗುಲ್ಬರ್ಗದಿಂದ ಬೇರೆಯಾಗಿ ಈ ಮೂರು ತಾಲ್ಲೂಕು ಯಾದಗಿರಿ ಜಿಲ್ಲೆ ಆದವು. ಮೂರು ತಿಂಗಳಿಗೆ, 2010ರ ಏಪ್ರಿಲ್ 1ಕ್ಕೆ, ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಜಿಲ್ಲೆ, ಹಕ್ಕು ಎರಡೂ ಒಂದೇ ವಾರಿಗೆಯವು! ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಅನ್ನುತ್ತೆ ಆ ಕಾಯ್ದೆ. ಆ ಮಕ್ಕಳು ಹತ್ತನೇ ತರಗತಿಗೆ ಬಂದಾಗ ಏನಾಯ್ತು? 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ 94, ಯಾದಗಿರಿ ಶೇ 50.59, ರಾಜ್ಯಕ್ಕೇ ಕೊನೆ. ಅದೂ ಕೃಪಾಂಕವನ್ನ ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ದಿಲ್ಲಿ ಕಾಗದದ ಮೇಲೆ ಶಿಕ್ಷಕರನ್ನ ಕೊಟ್ಟಿತು, ಬೆಂಗಳೂರು ಕಾಗದದ ಮೇಲೆ ಅಂಕ ಕೊಟ್ಟಿತು.

ಹಾಗಂತ ರಾಜ್ಯದ ಕೈಲಿದ್ರೆ ಎಲ್ಲಾ ಸುರಕ್ಷಿತ ಅಂತ ನಂಬೋ ಹಾಗೂ ಇಲ್ಲ. 2022ರಲ್ಲಿ ಒಂಬತ್ತನೇ ತರಗತಿ ಪಠ್ಯದಿಂದ ‘ಸಂವಿಧಾನ ಶಿಲ್ಪಿ’ ಪದ ಕೈಬಿಟ್ಟದ್ದು ಇದೇ ರಾಜ್ಯದ ಪಠ್ಯ ಪರಿಷ್ಕರಣೆ. ಬೀದಿಯಲ್ಲಿ ಗದ್ದಲ ಆದ ಮೇಲೇ ಸರಿಪಡಿಸ್ತೀವಿ ಅಂದ್ರು.

ನನ್ನ ನಿಲುವು ಇಷ್ಟು: ಪಠ್ಯ, ಭಾಷೆ, ಪರೀಕ್ಷೆ ರಾಜ್ಯಕ್ಕೇ ಇರಲಿ. ಶಿಕ್ಷಕರು, ಕೋಣೆ, ಶೌಚಾಲಯದ ಕನಿಷ್ಠ ಮಟ್ಟ ದೇಶಕ್ಕೆಲ್ಲ ಒಂದೇ ಇರಲಿ, ಅದಕ್ಕೆ ದಿಲ್ಲಿ ದುಡ್ಡು ಹಾಕಲಿ. ದುಡ್ಡು ಹಾಕದವರಿಗೆ ನಮ್ಮ ಮಕ್ಕಳನ್ನ ಅಳೆಯೋ ಹಕ್ಕಿಲ್ಲ.

ಪ್ರೊ. ಸುಖದೇವ್ ಥೋರಟ್ ಆಯೋಗದ ರಾಜ್ಯ ಶಿಕ್ಷಣ ನೀತಿ ವರದಿ 2025ರ ಆಗಸ್ಟ್‌ನಲ್ಲೇ ಸರ್ಕಾರದ ಕೈ ಸೇರಿದೆ. ಮೂರೂ ತಾಲ್ಲೂಕಲ್ಲಿ ಕೂತು ಅದನ್ನ ಓದೋಣ. ಬರೋವ್ರು ನಿಮ್ಮೂರ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಅಂತ ಬರ್ಕೊಂಡು ಬರ್ರಿ.