ಪಂಕ್ತಿಗೆ ಕೂರದ ಅತಿಥಿ

ಎರಡು ಬೆಕ್ಕುಗಳು ಒಂದು ರೊಟ್ಟಿಗಾಗಿ ಜಗಳವಾಡಿ, ನ್ಯಾಯ ಕೇಳಲು ಕೋತಿಯ ಬಳಿಗೆ ಹೋದ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ತಕ್ಕಡಿಯ ಯಾವ ತಟ್ಟೆ ತೂಗಿದರೂ ಕೋತಿ ಆ ಕಡೆಯ ತುಂಡನ್ನು ಕಚ್ಚುತ್ತದೆ. ಕೊನೆಗೆ ಬೆಕ್ಕುಗಳಿಗೆ ಉಳಿಯುವುದು ಬರಿಯ ತಟ್ಟೆ. ಕಥೆಯ ನೀತಿ ಮನುಷ್ಯರಿಗೆ ಸಲ್ಲತಕ್ಕದ್ದು. ಆದರೆ ಅದರೊಳಗೆ ಬೆಕ್ಕಿನ ಕುರಿತ ಒಂದು ನಂಬಿಕೆಯೂ ಅಡಗಿದೆ: ಅವುಗಳಿಗೂ ನಮ್ಮಂತೆ ಪಾಲಿನ ಕಲ್ಪನೆಯಿದೆ, ಸಮವಾಗಿ ಹಂಚಿಬಿಟ್ಟರೆ ಜಗಳ ಮುಗಿಯುತ್ತದೆ ಎಂಬುದು. ಬೆಕ್ಕಿನ ಚರಿತ್ರೆ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಒಂದಕ್ಕಿಂತ ಹೆಚ್ಚು ಬೆಕ್ಕುಗಳನ್ನು ಸಾಕುತ್ತಿರುವ ಹೊರನಾಡಿನ ನಮ್ಮ ಮನೆಗಳಲ್ಲಿ ಈ ಭಿನ್ನಮತ ದಿನಕ್ಕೆರಡು ಬಾರಿ, ಊಟದ ಹೊತ್ತಿಗೆ, ಎದುರಾಗುತ್ತದೆ.

ಮಗರಪಟ್ಟಾದ ನೆಲವೇ ಪಾಲಿನ ವಿಚಾರಕ್ಕೆ ಒಂದು ನಿದರ್ಶನ. ಹಡಪ್ಸರದ ಈ ಭೂಮಿ ಒಂದು ಕಾಲಕ್ಕೆ ಕಬ್ಬಿನ ಗದ್ದೆ. ಸುಮಾರು ೧೨೦ ರೈತ ಕುಟುಂಬಗಳು ೪೦೦ ಎಕರೆಯಷ್ಟು ಜಮೀನನ್ನು ಬಿಡಿಬಿಡಿಯಾಗಿ ಮಾರದೆ ಒಟ್ಟುಗೂಡಿಸಿ, ಅವರವರ ಭೂಮಿಗೆ ತಕ್ಕ ಪಾಲನ್ನು ಕಂಪನಿಯಲ್ಲಿ ಪಡೆದು ಈ ನಗರವನ್ನು ಕಟ್ಟಿದವು. ಮೊದಲು ಒಂದೆಡೆ ಕೂಡಿಸುವುದು, ಆಮೇಲೆ ಲೆಕ್ಕವಿಟ್ಟು ಹಂಚುವುದು ಮನುಷ್ಯನ ಜಾಣ್ಮೆ. ಇದೇ ಹಡಪ್ಸರದ ಒಂದು ಫ್ಲ್ಯಾಟಿನಲ್ಲಿ ೩೦೦ಕ್ಕೂ ಹೆಚ್ಚು ಬೆಕ್ಕುಗಳಿವೆ ಎಂದು ೨೦೨೫ರ ಫೆಬ್ರುವರಿಯಲ್ಲಿ ಪತ್ರಿಕೆಗಳು ವರದಿ ಮಾಡಿದವು. ಅವನ್ನು ಬೇರೆಡೆಗೆ ಸಾಗಿಸುವಂತೆ ಪುಣೆ ಮಹಾನಗರಪಾಲಿಕೆ ನೋಟಿಸು ನೀಡಿತು. ಆಗ ಚರ್ಚೆಯಾದದ್ದು ನೆರೆಹೊರೆಯವರ ತೊಂದರೆ, ವಾಸನೆ, ಕಾನೂನು. ಅಷ್ಟು ಬೆಕ್ಕುಗಳು ಒಂದೇ ಸೂರಿನಡಿ ಹೇಗೆ ಉಣ್ಣುತ್ತಿದ್ದವು ಎಂಬ ಪ್ರಶ್ನೆ ಯಾರಿಗೂ ಮುಖ್ಯವಾದಂತೆ ತೋರಲಿಲ್ಲ. ಬೆಕ್ಕಿನ ದೃಷ್ಟಿಯಿಂದ ಅದೇ ಮೊದಲ ಪ್ರಶ್ನೆ.

ಬೆಕ್ಕು ಮೂಲತಃ ಒಂಟಿಯಾಗಿ ಉಣ್ಣುವ ಪ್ರಾಣಿ. ನಮ್ಮ ಸಾಕುಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣನೆಲದ ಕಾಡುಬೆಕ್ಕು. ಸಿಂಹಗಳ ಗುಂಪು ಒಂದು ಕೋಣವನ್ನು ಕೆಡವಿ ಸುತ್ತ ಕುಳಿತು ತಿನ್ನಬಲ್ಲದು. ಕಾಡುಬೆಕ್ಕಿನ ಬೇಟೆಯಾದರೋ ಒಂದು ಇಲಿ, ಒಂದು ಹಲ್ಲಿ, ಒಂದು ಗುಬ್ಬಿ. ಒಂದು ಇಲಿ ಒಂದು ಬೆಕ್ಕಿಗೆ ಒಂದು ತುತ್ತಿನ ಊಟ. ಅದರಲ್ಲಿ ಪಾಲು ಮಾಡುವುದಕ್ಕೆ ಏನೂ ಇಲ್ಲ. ಹಾಗಾಗಿಯೇ ಬೆಕ್ಕಿನ ಹೊಟ್ಟೆ ಚಿಕ್ಕದು, ಊಟಗಳು ಹಲವು. ಆಹಾರ ಸದಾ ಕೈಗೆಟುಕುವಂತಿದ್ದರೆ ಅದು ಹಗಲು ರಾತ್ರಿ ಸೇರಿ ಹತ್ತರಿಂದ ಇಪ್ಪತ್ತು ಬಾರಿ ಸ್ವಲ್ಪಸ್ವಲ್ಪವಾಗಿ ತಿನ್ನುತ್ತದೆ.

ಈ ಒಂಟಿಗರನ್ನು ಒಂದೆಡೆ ಸೇರಿಸಿದ್ದು ನಮ್ಮ ಕಣಜ. ಧಾನ್ಯ ಕೂಡಿಟ್ಟಲ್ಲಿ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು ೯,೫೦೦ ವರ್ಷಗಳ ಹಿಂದೆ ಮನುಷ್ಯನೊಬ್ಬನನ್ನು ಹೂಳಿದ ಜಾಗದಿಂದ ೪೦ ಸೆಂಟಿಮೀಟರ್ ದೂರದಲ್ಲಿ ಒಂದು ಬೆಕ್ಕನ್ನೂ ಹೂಳಿದ್ದರು. ೨೦೦೪ರಲ್ಲಿ ಈ ಶೋಧ ಪ್ರಕಟವಾಯಿತು. ಆ ದ್ವೀಪದಲ್ಲಿ ಕಾಡುಬೆಕ್ಕುಗಳು ಇರಲಿಲ್ಲವಾದ್ದರಿಂದ ಅದು ದೋಣಿಯಲ್ಲಿ ಮನುಷ್ಯರೊಂದಿಗೇ ಬಂದಿರಬೇಕು. ಸಿಂಧ್ ಪ್ರಾಂತದ ಚನ್ಹುದಾರೋದಲ್ಲಿ ೧೯೩೫-೩೬ರಲ್ಲಿ ಅರ್ನೆಸ್ಟ್ ಮೆಕೇ ಅಗೆದು ತೆಗೆದ ಹರಪ್ಪಾ ಕಾಲದ ಇಟ್ಟಿಗೆಯೊಂದರ ಮೇಲೆ, ಅದು ಹಸಿಯಾಗಿದ್ದಾಗ ಓಡಿಹೋದ ಬೆಕ್ಕಿನ ಹೆಜ್ಜೆಯೂ ಅದರ ಬೆನ್ನಟ್ಟಿದ ನಾಯಿಯ ಹೆಜ್ಜೆಯೂ ಮೂಡಿವೆ.

ಊಟದ ಚರಿತ್ರೆಗೆ ಇನ್ನಷ್ಟು ಹತ್ತಿರದ ಸಾಕ್ಷಿ ಚೀನಾದ ಕ್ವಾನ್‌ಹುಕುನ್ ಎಂಬ ನೆಲೆಯದು. ಅಲ್ಲಿ ಸಿಕ್ಕ ಸುಮಾರು ೫,೩೦೦ ವರ್ಷ ಹಳೆಯ ಬೆಕ್ಕಿನ ಮೂಳೆಗಳ ರಾಸಾಯನಿಕ ಪರೀಕ್ಷೆಯಿಂದ, ಅವು ಸಿರಿಧಾನ್ಯ ತಿಂದು ಬೆಳೆದ ಇಲಿಗಳನ್ನು ತಿಂದಿದ್ದವೆಂದು ತಿಳಿಯಿತು. ಒಂದು ಬೆಕ್ಕಿನ ಮೂಳೆಯಲ್ಲಿ ಮಾತ್ರ ಮಾಂಸದ ಗುರುತು ಕಡಿಮೆ, ಧಾನ್ಯದ ಗುರುತು ಹೆಚ್ಚು. ಅದು ಮನುಷ್ಯರ ಎಂಜಲನ್ನು ಆಯ್ದು ತಿಂದಿತ್ತು, ಇಲ್ಲವೇ ಯಾರೋ ಅದಕ್ಕೆ ಉಣಿಸಿದ್ದರು. ಆ ಮೂಳೆಗಳು ಸಾಕುಬೆಕ್ಕಿನವಲ್ಲ, ನಮ್ಮ ಪಶ್ಚಿಮಘಟ್ಟದಲ್ಲೂ ಇರುವ ಚಿರತೆಬೆಕ್ಕಿನವು ಎಂದು ೨೦೧೬ರಲ್ಲಿ ಗೊತ್ತಾಯಿತು. ಅಂದರೆ ಕಣಜದ ಸುತ್ತ ಸೇರುವ ಈ ಕಥೆ ಬೆಕ್ಕಿನ ಒಂದು ಜಾತಿಗೇ ಸೀಮಿತವಾದುದಲ್ಲ.

ಕನ್ನಡನಾಡಿನ ಮನೆಯಲ್ಲಿ ಬೆಕ್ಕಿನ ಸ್ಥಾನ ಇಬ್ಬಗೆಯದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಬೆಕ್ಕಳಲೆಯಲ್ಲಿ ಬೆಕ್ಕು ಮಂಗಮ್ಮ ದೇವಿಯ ರೂಪ. ಅಲ್ಲಿ ಅದಕ್ಕೆ ಕೇಡು ಮಾಡುವಂತಿಲ್ಲ. ಉಳಿದೆಡೆ ಅದು ಅರ್ಧ ಕಾವಲುಗಾರ, ಅರ್ಧ ಕಳ್ಳ. ಹಾಲು ಮೊಸರುಗಳನ್ನು ತೊಲೆಗೆ ತೂಗುಹಾಕುತ್ತಿದ್ದ ನೆಲವು ಈ ಅಪನಂಬಿಕೆಯ ಉಪಕರಣ. ಮರಾಠಿಯವರು ಅದನ್ನು ಶಿಂಕೆ ಎನ್ನುತ್ತಾರೆ. ಶಿಂಕೆ ಹರಿದರೆ ಬೆಕ್ಕಿಗೆ ಸುಗ್ಗಿ ಎಂಬರ್ಥದ ಗಾದೆ ಪುಣೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಹಸುವಿಗೆ ಗೋಗ್ರಾಸವೆಂದೂ ಕಾಗೆಗೆ ಕಾಕಬಲಿಯೆಂದೂ ವಿಧಿಪೂರ್ವಕವಾದ ತುತ್ತು ಮೀಸಲಿತ್ತು. ಬೆಕ್ಕಿಗೆ ಸಿಗುತ್ತಿದ್ದುದು ಮನೆಯ ಹೆಂಗಸರ ದಯೆಯಿಂದ ಬಂದ ಒಂದು ಹಿಡಿ ಹಾಲನ್ನ.

ಇಲ್ಲೊಂದು ಸಂಗತಿಯನ್ನು ನಾವು ಮರೆತಿದ್ದೇವೆ. ಆ ಹಾಲನ್ನ ಬೆಕ್ಕಿನ ಊಟವಾಗಿರಲಿಲ್ಲ. ಊಟದ ಮೇಲಿನ ಉಪಚಾರವಾಗಿತ್ತು. ಅದರ ನಿಜವಾದ ಅಡುಗೆಮನೆ ಅಟ್ಟ, ಹಗೇವು, ಹಿತ್ತಿಲ ಸೌದೆರಾಶಿ. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಅತ್ಯವಶ್ಯವಾದ ಟಾರಿನ್ ಎಂಬ ವಸ್ತು ಮಾಂಸದಲ್ಲಿದೆ, ಅನ್ನದಲ್ಲಿಲ್ಲ. ಅದರ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ಕೆಡುತ್ತದೆಂದು ೧೯೭೫ರಲ್ಲಿ ವಿಜ್ಞಾನಿಗಳು ತೋರಿಸಿದರು. ಸಸ್ಯಾಹಾರಿ ಮನೆಯ ಬೆಕ್ಕು ಹಾಲನ್ನ ಉಂಡೂ ಗಟ್ಟಿಮುಟ್ಟಾಗಿದ್ದುದಕ್ಕೆ ಕಾರಣ ಅಟ್ಟದ ಇಲಿಗಳು. ಒಂದೇ ಮನೆಯಲ್ಲಿ ನಾಲ್ಕು ಬೆಕ್ಕುಗಳಿದ್ದರೂ ಜಗಳ ವಿರಳವಾಗಿದ್ದುದಕ್ಕೂ ಅದೇ ಕಾರಣ: ಒಂದಕ್ಕೆ ಅಟ್ಟ, ಇನ್ನೊಂದಕ್ಕೆ ಕೊಟ್ಟಿಗೆ, ಮತ್ತೊಂದಕ್ಕೆ ಹಿತ್ತಿಲು. ಅವು ಆಹಾರವನ್ನು ಹಂಚಿಕೊಳ್ಳುತ್ತಿರಲಿಲ್ಲ; ಜಾಗವನ್ನೂ ಹೊತ್ತನ್ನೂ ಹಂಚಿಕೊಂಡಿದ್ದವು.

ಈಚಿನ ಅಧ್ಯಯನಗಳು ಇದನ್ನೇ ವಿಸ್ತರಿಸಿವೆ. ಜಪಾನಿನ ಐನೋಶಿಮಾ ದ್ವೀಪದ ಬೀದಿಬೆಕ್ಕುಗಳು ಮೀನಿನ ತ್ಯಾಜ್ಯ ಬೀಳುವ ತಾಣಗಳ ಸುತ್ತ ಗುಂಪುಕಟ್ಟಿಕೊಂಡಿರುವುದನ್ನು ಸಂಶೋಧಕರು ೧೯೮೨ರಲ್ಲಿ ದಾಖಲಿಸಿದರು. ಗುಂಪನ್ನು ಕಟ್ಟಿದ್ದು ಆಹಾರದ ರಾಶಿ. ಆದರೂ ಗುಂಪಿನೊಳಗೆ ನಿಜವಾದ ಹಂಚಿಕೆ ಕಾಣುವುದು ತಾಯ್ತನದಲ್ಲಿ ಮಾತ್ರ. ತಾಯಿಬೆಕ್ಕು ಮರಿಗಳಿಗೆ ಮೊದಲು ಸತ್ತ ಬೇಟೆಯನ್ನೂ ಆಮೇಲೆ ಜೀವಂತ ಬೇಟೆಯನ್ನೂ ತಂದುಕೊಟ್ಟು ಕಲಿಸುತ್ತದೆ. ಬಂಧುಗಳಾದ ಹೆಣ್ಣುಬೆಕ್ಕುಗಳು ಒಂದರ ಮರಿಗೆ ಇನ್ನೊಂದು ಹಾಲೂಡಿಸುವುದೂ ಉಂಟು. ವಯಸ್ಸಿಗೆ ಬಂದ ಮೇಲೆ ಪ್ರತಿಯೊಂದೂ ತನ್ನ ತುತ್ತಿಗೆ ತಾನೇ ಹೊಣೆ.

ಫ್ಲ್ಯಾಟು ಈ ಹಳೆಯ ಏರ್ಪಾಟನ್ನು ಮುರಿಯಿತು. ಅಮೆರಿಕದಲ್ಲಿ ೧೯೪೭ರಲ್ಲಿ ಎಡ್ವರ್ಡ್ ಲೋ ಎಂಬಾತ ಬೆಕ್ಕಿನ ಶೌಚಕ್ಕೆ ಜೇಡಿಮಣ್ಣಿನ ಹರಳುಗಳನ್ನು ಮಾರತೊಡಗಿದ ಮೇಲೆ ಬೆಕ್ಕನ್ನು ಹಗಲಿರುಳೂ ಮನೆಯೊಳಗೇ ಇಡುವುದು ಸುಲಭವಾಯಿತು. ಒಂಬತ್ತನೆಯ ಮಹಡಿಯಲ್ಲಿ ಅಟ್ಟವಿಲ್ಲ, ಹಿತ್ತಿಲಿಲ್ಲ, ಇಲಿಯಂತೂ ಇಲ್ಲ. ಇರುವುದು ಅಡುಗೆಮನೆಯ ಮೂಲೆಯ ಒಂದು ತಟ್ಟೆ. ಪಂಕ್ತಿಭೋಜನದ ಸಂಸ್ಕಾರದಲ್ಲಿ ಬೆಳೆದ ನಾವು ಮೂರು ಬೆಕ್ಕುಗಳನ್ನು ಸಾಲಾಗಿ ಕೂರಿಸಿ ಬಡಿಸುತ್ತೇವೆ. ಅವು ಮೈಗೆ ಮೈ ತಾಗಿಸಿ ತಿನ್ನುವುದನ್ನು ಒಗ್ಗಟ್ಟೆಂದು ತಿಳಿದು ಸಂತೋಷಪಡುತ್ತೇವೆ. ಬೇರೆ ದಾರಿಯಿಲ್ಲದೆ ಹತ್ತಿರ ಬಂದವರಿಗೂ ಸ್ನೇಹದಿಂದ ಹತ್ತಿರ ಬಂದವರಿಗೂ ವ್ಯತ್ಯಾಸವಿದೆ. ಬಲಿಷ್ಠ ಬೆಕ್ಕು ಗುರುಗುಟ್ಟಬೇಕಾಗಿಲ್ಲ. ತಟ್ಟೆಯ ದಾರಿಗೆ ಅಡ್ಡ ಮಲಗಿ ಒಮ್ಮೆ ದಿಟ್ಟಿಸಿದರೆ ಸಾಕು. ದುರ್ಬಲ ಬೆಕ್ಕು ಗಬಗಬನೆ ನುಂಗಿ ಕಕ್ಕುತ್ತದೆ, ಅಥವಾ ಎಲ್ಲರೂ ಮಲಗುವ ತನಕ ಕಾಯುತ್ತದೆ, ಅಥವಾ ಉಣ್ಣುವುದನ್ನೇ ಬಿಡುತ್ತದೆ. ಬೆಕ್ಕು ಕೆಲವೇ ದಿನ ಉಪವಾಸವಿದ್ದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯ ಬರಬಹುದು. ಒಂದೇ ತಟ್ಟೆಯ ಮನೆಯಲ್ಲಿ ಯಾವುದು ಎಷ್ಟು ತಿಂದಿತೆಂಬುದೇ ತಿಳಿಯದ ಕಾರಣ ಈ ಉಪವಾಸ ಕಣ್ಣಿಗೆ ಬೀಳುವುದು ತಡವಾಗಿ.

ಬೆಕ್ಕಿನ ವೈದ್ಯರ ಅಂತರರಾಷ್ಟ್ರೀಯ ಸಂಘಟನೆಗಳು ೨೦೧೩ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಆಹಾರ, ನೀರು, ಶೌಚ, ಮಲಗುವ ತಾಣಗಳು ಒಂದಕ್ಕಿಂತ ಹೆಚ್ಚಿರಬೇಕು, ಪರಸ್ಪರ ದೂರವಿರಬೇಕು ಎಂದಿದೆ. ನಮ್ಮ ಅಜ್ಜಿಯರ ಮನೆಗಳಲ್ಲಿ ಯಾರೂ ಯೋಜಿಸದೆ ಇದ್ದ ಏರ್ಪಾಟೇ ಇದು. ಮಗರಪಟ್ಟಾದ ಎರಡು ಕೋಣೆಗಳ ಮನೆಯಲ್ಲೂ ಅದನ್ನು ಮರಳಿ ತರಬಹುದು: ಒಂದು ತಟ್ಟೆ ಅಡುಗೆಮನೆಯಲ್ಲಿ, ಒಂದು ಬಾಲ್ಕನಿಯ ಬಾಗಿಲ ಬಳಿ, ಒಂದು ಕಪಾಟಿನ ಮೇಲೆ, ಒಂದರ ಮುಂದೆ ಕುಳಿತ ಬೆಕ್ಕಿಗೆ ಇನ್ನೊಂದು ಕಾಣದಂತೆ. ಬಡಿಸುವ ಆಹಾರ ಅಷ್ಟೇ, ಖರ್ಚೂ ಅಷ್ಟೇ. ಬದಲಾಗುವುದು ಮೂಲೆಯಲ್ಲಿ ಮುದುಡಿ ಕೂತ ಮೂರನೆಯ ಬೆಕ್ಕಿನ ಪಾಡು. ತಟ್ಟೆಗಳನ್ನು ಬೇರೆ ಮಾಡಿಟ್ಟಾಗ ಅದು ಹಗಲು ಹೊತ್ತಿನಲ್ಲೇ ಬಂದು, ಹಿಂದೆ ಮುಂದೆ ನೋಡದೆ, ನಿಧಾನವಾಗಿ ಉಂಡು ಹೋಗುತ್ತದೆ.