ಮಕ್ಕಳು ಅರಿಯಬೇಕಾದ ವಿಜ್ಞಾನಿ: ರಾಜೇಶ್ವರಿ ಚಟರ್ಜಿ

ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆಯಲ್ಲಿ ಹೆಸರಾದ ರಾಜೇಶ್ವರಿ ಚಟರ್ಜಿ (1922-2010) ಅವರನ್ನು ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಗುರುತಿಸಲಾಗುತ್ತದೆ.

ಬಾಲ್ಯ, ಶಿಕ್ಷಣ: ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು; ಸ್ತ್ರೀಶಿಕ್ಷಣಕ್ಕಾಗಿ ದುಡಿದವರು. ರಾಜೇಶ್ವರಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. 1953ರಲ್ಲಿ ಪಿಎಚ್.ಡಿ. ಪಡೆದು ತಾಯ್ನಾಡಿಗೆ ಮರಳಿದರು.

ಸಾಧನೆ: ಬೋಧಕವರ್ಗದಲ್ಲಿ ಮಹಿಳೆಯರು ತೀರಾ ವಿರಳವಾಗಿದ್ದ ಆ ಕಾಲದಲ್ಲಿ ಸಂಸ್ಥೆಯ ಪ್ರಾಧ್ಯಾಪಕರಾಗಿ, ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಂದಿಗೆ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. 20 ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ನೀಡಿದರು. ನೂರಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದರು.

ಮಕ್ಕಳಿಗೆ ವಿವರಿಸುವ ಬಗೆ: ಶಿವಮೊಗ್ಗ, ಭದ್ರಾವತಿಯ ಮನೆಗಳಿಗೆ ರೇಡಿಯೊ ಹೊಸತಲ್ಲ. ಭದ್ರಾವತಿ ಆಕಾಶವಾಣಿಯನ್ನು ಮನೆಮಾತಾಗಿಸಿದ 675 ಕಿಲೋಹರ್ಟ್ಸ್ ಮಧ್ಯಮ ತರಂಗದ ಉದ್ದ ಸುಮಾರು 444 ಮೀಟರ್. ರೇಡಾರ್‌ನಲ್ಲಿ ಬಳಕೆಯಾಗುವ ಮೈಕ್ರೋವೇವ್‌ಗಳ ಉದ್ದವನ್ನಾದರೋ ಸಾಮಾನ್ಯವಾಗಿ ಶಾಲೆಯ ಅಳತೆಪಟ್ಟಿಯಲ್ಲೇ ತೋರಿಸಬಹುದು. ತರಂಗ ಕಿರಿದಾದಷ್ಟೂ ಚಿಕ್ಕ ಆಂಟೆನಾದಿಂದಲೇ ಅದನ್ನು ಒಂದೇ ದಿಕ್ಕಿಗೆ ಹರಿಸಬಹುದು. ವಿಮಾನವೊಂದರ ಇರವನ್ನು ದೂರದಿಂದಲೇ ಅರಿಯಲು ಸಾಧ್ಯವಾಗುವುದು ಈ ಗುಣದಿಂದ.

1982ರಲ್ಲಿ ನಿವೃತ್ತರಾದ ಬಳಿಕ ಅವರು ಮಹಿಳೆಯರ ಸ್ಥಿತಿಗತಿಗಳ ಅಧ್ಯಯನದಲ್ಲಿ ತೊಡಗಿಕೊಂಡರು. ವಿಜ್ಞಾನಿಯೆಂದರೆ ಪುರುಷನ ಚಿತ್ರವನ್ನೇ ಬರೆಯುವ ಮಕ್ಕಳಿಗೆ ಈ ಬದುಕಿನ ಪರಿಚಯ ಅಗತ್ಯ.